ಲಿಯೋ ವರಾಡ್ಕರ್: ಒಂದೂ ಸಾರ್ವತ್ರಿಕ ಚುನಾವಣೆ ಗೆಲ್ಲದೆ ಎರಡು ಸಲ ಐರ್ಲೆಂಡ್ ಪ್ರಧಾನಿ ಆಗಿದ್ದು ಹೆಂಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಇವರು ಯಾರು ಅಂತ ಚುಟುಕಾಗಿ ಹೇಳಿ.

ಡಬ್ಲಿನ್‌ನಲ್ಲಿ ಹುಟ್ಟಿ ಬೆಳೆದ ಡಾಕ್ಟರ್, ಫಿನಾ ಗೇಲ್ ಅನ್ನೋ ಮಧ್ಯ-ಬಲಪಂಥೀಯ ಪಕ್ಷದ ನಾಯಕರಾಗಿದ್ದೋರು. 2017ರ ಜೂನ್‌ನಿಂದ 2020ರ ಜೂನ್‌ವರೆಗೆ, ಆಮೇಲೆ 2022ರ ಡಿಸೆಂಬರ್‌ನಿಂದ 2024ರ ಏಪ್ರಿಲ್‌ವರೆಗೆ ಐರ್ಲೆಂಡ್ ಪ್ರಧಾನಿ. ಅಲ್ಲಿ ಪ್ರಧಾನಿಗೆ ಟೀಶಕ್ ಅಂತಾರೆ, ಉಪಪ್ರಧಾನಿಗೆ ಟಾನಿಷ್ಟೆ, ನಮ್ಮ ಲೋಕಸಭೆ ತರದ ಸದನಕ್ಕೆ ಡಾಲ್, ಅದರ ಮೆಂಬರ್‌ಗಳಿಗೆ ಟಿಡಿ. ಕೆಳಗೆ ಇವೇ ಬರ್ತವೆ, ಅದಕ್ಕೆ ಈಗ್ಲೇ ಹೇಳಿಬಿಟ್ಟೆ.

ಭಾರತದವರಂತೆ ಹೌದಾ? ನಮ್ಮ ಕಡೆಯವರಾ?

ತಂದೆ ಕಡೆಯಿಂದ ಹೌದು, ಆದ್ರೆ ಕನ್ನಡದವರಲ್ಲ, ಕೊಂಕಣದ ಮರಾಠಿಯವರು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ ಮಾಲ್ವಣ ತಾಲೂಕಲ್ಲಿ ವರಾಡ್ ಅಂತ ಒಂದು ಹಳ್ಳಿ, ಸರ್‌ನೇಮ್ ಅಲ್ಲಿಂದಾನೇ ಬಂದಿದ್ದು. ತಂದೆ ಮುಂಬೈನಲ್ಲಿ ಹುಟ್ಟಿದ ಡಾಕ್ಟರ್, 60ರ ದಶಕದಲ್ಲಿ ಇಂಗ್ಲೆಂಡಿಗೆ ಹೋದೋರು, ತಾಯಿ ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿ ಕಡೆಯ ನರ್ಸ್, ಇಂಗ್ಲೆಂಡಲ್ಲೇ ಕೆಲಸ ಮಾಡುವಾಗ ಪರಿಚಯ ಆಗಿ ಮದುವೆ ಆಗಿದ್ದು. 70ರ ದಶಕದಲ್ಲಿ ಡಬ್ಲಿನ್‌ಗೆ ಬಂದು ನೆಲೆ ನಿಂತರು, ಲಿಯೋ ಹುಟ್ಟಿದ್ದು 1979ರ ಜನವರಿ 18ಕ್ಕೆ. ಮೆಡಿಕಲ್ ಓದೋವಾಗ ಕೆಲವು ತಿಂಗಳು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಕಲ್ತಿದಾರೆ, ಪ್ರಧಾನಿ ಆದ್ಮೇಲೆ 2019ರ ಡಿಸೆಂಬರ್ ಕೊನೆಗೆ ಫ್ಯಾಮಿಲಿ ಜೊತೆ ಆ ಹಳ್ಳಿಗೂ ಹೋಗಿ ಬಂದರು.

ಇಷ್ಟಕ್ಕೇ ನಮ್ಮ ಟೀವಿಯೋರು "ಭಾರತೀಯ ಮೂಲದ ಪ್ರಧಾನಿ" ಅಂತ ಕುಣಿದಾಡಿದ್ದು ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ. ಅವರೇ 2015ರಲ್ಲಿ ಹೇಳಿದ್ರು, ನಾನು ಅರ್ಧ ಭಾರತೀಯ ರಾಜಕಾರಣಿ ಅಲ್ಲ, ಡಾಕ್ಟರ್ ರಾಜಕಾರಣಿ ಅಲ್ಲ, ಗೇ ರಾಜಕಾರಣಿನೂ ಅಲ್ಲ, ಇವೆಲ್ಲ ನನ್ನಲ್ಲಿ ಇರೋ ಒಂದೊಂದು ಭಾಗ ಅಷ್ಟೇ ಅನ್ನೋ ಅರ್ಥದಲ್ಲಿ.

ಅಂದಹಾಗೆ ಉಲ್ಟಾ ಕಥೆನೂ ಇದೆ, ಅದು ಯಾರಿಗೂ ಅಷ್ಟು ಗೊತ್ತಿಲ್ಲ. 1894ರಲ್ಲಿ ಮದ್ರಾಸಿನಲ್ಲಿ ನಡೆದ ನಮ್ಮ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು ಆಲ್ಫ್ರೆಡ್ ವೆಬ್ ಅನ್ನೋ ಐರಿಷ್ ಎಂಪಿ.

ಡಾಕ್ಟರ್ ಆಗಿದ್ದೋರು ರಾಜಕೀಯಕ್ಕೆ ಯಾಕೆ ಬಂದರು?

ರಾಜಕೀಯಾನೇ ಮೊದಲು ಬಂದಿದ್ದು. ಟ್ರಿನಿಟಿ ಕಾಲೇಜಿಗೆ ಲಾ ಓದೋಕೆ ಸೇರಿ ಆಮೇಲೆ ಮೆಡಿಕಲ್‌ಗೆ ಶಿಫ್ಟ್ ಆದರು, ಇನ್ನೂ ಸ್ಟೂಡೆಂಟ್ ಆಗಿದ್ದಾಗ್ಲೇ 1999ರಲ್ಲಿ, 20ನೇ ವಯಸ್ಸಲ್ಲಿ, ಲೋಕಲ್ ಎಲೆಕ್ಷನ್‌ಗೆ ನಿಂತು 380 ವೋಟು ತಗೊಂಡು ಸೋತರು. 2003ರಲ್ಲಿ ಫಿಂಗಲ್ ಕೌಂಟಿ ಕೌನ್ಸಿಲ್‌ನಲ್ಲಿ ಒಂದು ಸೀಟು ಖಾಲಿ ಆದಾಗ ಪಕ್ಷ ಇವರನ್ನ ನಾಮನಿರ್ದೇಶನ ಮಾಡ್ತು. ಮುಂದಿನ ವರ್ಷ ಅದೇ ಕೌನ್ಸಿಲ್‌ಗೆ ನಿಂತಾಗ ಇಡೀ ದೇಶದಲ್ಲೇ ಅತಿ ಹೆಚ್ಚು ಮೊದಲ ಪ್ರಾಶಸ್ತ್ಯದ ಮತ ಬಿತ್ತು. ಡಾಕ್ಟರ್ ಕೆಲಸನೂ ಜೊತೆಗೆ ನಡೀತಿತ್ತು, ಜಿಪಿ ಅಂದ್ರೆ ಫ್ಯಾಮಿಲಿ ಡಾಕ್ಟರ್ ಕ್ವಾಲಿಫಿಕೇಶನ್ ಸಿಕ್ಕಿದ್ದು 2010ಕ್ಕೆ, ಅಷ್ಟೊತ್ತಿಗೆ ಡಾಲ್ ಮೆಂಬರ್ ಆಗಿ ಮೂರು ವರ್ಷ ಆಗಿತ್ತು.

ಪ್ರಾಶಸ್ತ್ಯದ ಮತ ಅಂದ್ರೆ ನಮ್ಮ ಪದವೀಧರ ಕ್ಷೇತ್ರದ ಎಲೆಕ್ಷನ್ ತರಾನಾ?

ಕರೆಕ್ಟ್, ಅದೇ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಕ್ಕೆ 1, 2, 3 ಅಂತ ನಂಬರ್ ಬರೀತೀವಲ್ಲ, ಐರ್ಲೆಂಡಲ್ಲಿ ಎಲ್ಲಾ ಎಲೆಕ್ಷನ್ನೂ ಹಂಗೇನೇ. ವ್ಯತ್ಯಾಸ ಏನಂದ್ರೆ ಅಲ್ಲಿ ಡಾಲ್ ಎಲೆಕ್ಷನ್‌ಗೆ ಒಂದೊಂದು ಕ್ಷೇತ್ರಕ್ಕೆ 3, 4, 5 ಸೀಟು. ಬಿದ್ದ ಸಿಂಧು ಮತಗಳನ್ನ ಸೀಟಿನ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ, ಬಂದಿದ್ದಕ್ಕೆ ಒಂದು ಕೂಡಿಸಿದ್ರೆ ಕೋಟಾ. ಕೋಟಾ ಮುಟ್ಟಿದೋರು ಗೆದ್ದರು, ಅವರ ಹೆಚ್ಚುವರಿ ಮತ ಮುಂದಿನ ನಂಬರಿಗೆ ಹೋಗುತ್ತೆ, ಯಾರೂ ಮುಟ್ಟದಿದ್ರೆ ಕಡಿಮೆ ಬಂದೋರನ್ನ ತೆಗೆದು ಅವರ ಮತ ಹಂಚ್ತಾರೆ.

ಎಣಿಕೆ ಇವತ್ತಿಗೂ ಕೈಯಲ್ಲೇ. ಹಾಲ್‌ನಲ್ಲಿ ಬ್ಯಾಲಟ್ ಬಾಕ್ಸ್ ಸುರಿದು ಪೇಪರ್ ಬಿಡಿಸ್ತಿರಬೇಕಾದ್ರೆ ಬ್ಯಾರಿಕೇಡ್ ಮೇಲೆ ಬಗ್ಗಿಕೊಂಡು ಎಲ್ಲಾ ಪಕ್ಷದ ಕಾರ್ಯಕರ್ತರು ಪೆನ್ಸಿಲ್ ಹಿಡಿದು ಕಣ್ಣಿಗೆ ಬಿದ್ದಿದ್ದನ್ನ ಗೀಟು ಹಾಕಿ ಲೆಕ್ಕ ಬರ್ಕೊತಾ ಇರ್ತಾರೆ, ಇವರಿಗೆ ಟ್ಯಾಲಿಮೆನ್ ಅಂತಾನೇ ಹೆಸರು, ಅಧಿಕೃತ ರಿಸಲ್ಟ್ ಬರೋಕೆ ಎಷ್ಟೋ ಹೊತ್ತು ಮುಂಚೆ ಇವರ ಬಾಯಲ್ಲಿ ರಿಸಲ್ಟ್ ಹೊರಗೆ ಬಂದಿರುತ್ತೆ. ಈ ಪದ್ಧತಿಯಲ್ಲಿ ಒಂದೇ ಪಕ್ಷಕ್ಕೆ ಬಹುಮತ ಸಿಗೋದು ಭಾರಿ ಕಷ್ಟ, ಹಂಗಾಗಿ ಮೈತ್ರಿ ಅಲ್ಲಿ ಮಾಮೂಲು. ವರಾಡ್ಕರ್ ಕಥೆ ಅರ್ಥ ಆಗ್ಬೇಕಂದ್ರೆ ಇದೊಂದು ತಲೇಲಿರಲಿ.

ಪ್ರಧಾನಿ ಆಗೋ ಮುಂಚೆ ಏನೇನು ಖಾತೆ ನೋಡ್ಕೊಂಡಿದ್ರು?

2007ರಲ್ಲಿ ಡಬ್ಲಿನ್ ವೆಸ್ಟ್ ಕ್ಷೇತ್ರದಿಂದ ಟಿಡಿ ಆದರು. 2010ರಲ್ಲಿ ಪಕ್ಷದ ನಾಯಕ ಎಂಡಾ ಕೆನ್ನಿ ಅವರನ್ನ ಇಳಿಸೋಕೆ ಒಂದು ಬಂಡಾಯ ನಡೀತು, ಇವರು ಬಂಡಾಯದ ಕಡೆ, ರಿಚರ್ಡ್ ಬ್ರೂಟನ್ ಪರ. ಬಂಡಾಯ ಠುಸ್ ಆಯ್ತು. ನಮ್ಮಲ್ಲಾದ್ರೆ ಅಲ್ಲಿಗೆ ಕಥೆ ಮುಗೀತಿತ್ತು, ಆದ್ರೆ 2011ರಲ್ಲಿ ಗೆದ್ದು ಬಂದ ಕೆನ್ನಿ ಇವರಿಗೆ ಸಾರಿಗೆ, ಪ್ರವಾಸೋದ್ಯಮ, ಕ್ರೀಡೆ ಖಾತೆ ಕೊಟ್ಟರು.

ಬಾಯಿಗೆ ಬ್ರೇಕ್ ಕಮ್ಮಿ ಅನ್ನೋ ಹೆಸರು ಆವಾಗ್ಲೇ ಬಂದಿದ್ದು. ದೇಶಕ್ಕೆ ಇನ್ನೊಂದು ಬೇಲ್‌ಔಟ್, ಅಂದ್ರೆ ದಿವಾಳಿ ತಪ್ಪಿಸೋಕೆ ಹೊರಗಿನ ಸಾಲದ ನೆರವು, ಬೇಕಾಗಬಹುದು ಅಂದುಬಿಟ್ಟು ಸರ್ಕಾರಕ್ಕೇ ಮುಜುಗರ ಮಾಡಿದ್ರು. 2014ರಲ್ಲಿ ಪೊಲೀಸ್ ಇಲಾಖೆಯ ಅಕ್ರಮ ಬಯಲಿಗೆಳೆದ ಇಬ್ಬರು ಪೊಲೀಸರನ್ನ ಕಮಿಷನರ್ ಸಾಹೇಬ್ರು ಅಸಹ್ಯ ಅನ್ನೋ ಮಾತಾಡಿದ್ರೆ, ಇವರು ಸಚಿವರಾಗಿದ್ಕೊಂಡೇ ಆ ಇಬ್ಬರನ್ನ ಬಹಿರಂಗವಾಗಿ ಹೊಗಳಿದ್ರು, ಕೆಲವೇ ದಿನದಲ್ಲಿ ಕಮಿಷನರ್ ಖುರ್ಚಿ ಬಿಟ್ಟರು. ಆಮೇಲೆ ಆರೋಗ್ಯ ಖಾತೆ. ಹಿಂದೆ ಆ ಖಾತೆ ನೋಡ್ಕೊಂಡಿದ್ದ ಬ್ರಯನ್ ಕೋವೆನ್ ಅದಕ್ಕೆ ಅಂಗೋಲಾ ಅಂತ ಹೆಸರಿಟ್ಟಿದ್ರು, ಎಲ್ಲಿ ಕಾಲಿಟ್ಟರೂ ನೆಲಬಾಂಬ್ ಅಂತ. 6 ವರ್ಷದೊಳಗಿನ ಮಕ್ಕಳಿಗೆ ಫ್ರೀ ಡಾಕ್ಟರ್ ಭೇಟಿ ಇವರ ಕಾಲದಲ್ಲಿ ಶುರು ಆಯ್ತು, ಆಸ್ಪತ್ರೆ ಕ್ಯೂ ಮಾತ್ರ ಕರಗಲಿಲ್ಲ. 2016ರಿಂದ ಸಮಾಜ ಕಲ್ಯಾಣ, ಅಲ್ಲಿ ಸರ್ಕಾರಿ ಭತ್ಯೆ ಮೋಸದ ವಿರುದ್ಧ ಜೋರು ಜಾಹೀರಾತು ಮಾಡಿಸಿ ಬಡವರ ವಿರೋಧಿ ಅಂತ ಬೈಸ್ಕೊಂಡರು. ಬೈದಿದ್ದರಲ್ಲಿ ಸ್ವಲ್ಪ ನ್ಯಾಯನೂ ಇತ್ತು ಅನ್ಸುತ್ತೆ.

ಗೇ ಅಂತ ಯಾವಾಗ ಹೇಳ್ಕೊಂಡಿದ್ದು? ಅದರಿಂದ ವೋಟು ಹೋಗ್ಲಿಲ್ವಾ?

2015ರ ಜನವರಿ 18, ಅವರ ಬರ್ತ್‌ಡೇ ದಿನ, ಆರ್‌ಟಿಇ ರೇಡಿಯೋ ಸಂದರ್ಶನದಲ್ಲಿ. ಆಗ ಆರೋಗ್ಯ ಸಚಿವರು. ಐರ್ಲೆಂಡಲ್ಲಿ ಸಲಿಂಗ ಸಂಬಂಧ 1993ರವರೆಗೂ ಅಪರಾಧ ಆಗಿತ್ತು, ಡೈವೋರ್ಸ್‌ಗೆ ಅವಕಾಶ ಸಿಕ್ಕಿದ್ದು 1995ರ ಜನಮತದಲ್ಲಿ ಕೂದಲೆಳೆ ಅಂತರದಲ್ಲಿ. ಅಂಥಾ ದೇಶ 2015ರ ಮೇ 22ಕ್ಕೆ ಸಲಿಂಗ ವಿವಾಹಕ್ಕೆ ಶೇ. 62ರಷ್ಟು ಹೌದು ಅಂತು, ಜನರ ನೇರ ವೋಟಿನಲ್ಲಿ ಇದನ್ನ ಒಪ್ಪಿದ ಮೊದಲ ದೇಶ. ವೋಟು ಹೋಗೋದಿರಲಿ, ಎರಡೇ ವರ್ಷಕ್ಕೆ ಪ್ರಧಾನಿ ಆದರು. 2019ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಹೋದಾಗ ಅಮೆರಿಕದ ಉಪಾಧ್ಯಕ್ಷ ಮೈಕ್ ಪೆನ್ಸ್ ಮನೆ ತಿಂಡಿಗೆ ತಮ್ಮ ಸಂಗಾತಿಯನ್ನೂ ಕರ್ಕೊಂಡೇ ಹೋದರು. ಪೆನ್ಸ್ ಸಲಿಂಗ ವಿವಾಹದ ವಿರೋಧಿ ಅಂತ ಗೊತ್ತಿದ್ದೋರಿಗೆ ಅದರ ಖಾರ ಗೊತ್ತಾಗುತ್ತೆ.

2017ರಲ್ಲಿ ಎಲೆಕ್ಷನ್ನೇ ಇರಲಿಲ್ಲ, ಪ್ರಧಾನಿ ಹೆಂಗಾದ್ರು?

ಕೆನ್ನಿ ಇಳಿದರು, ಪಕ್ಷದೊಳಗೆ ಸ್ಪರ್ಧೆ, ಎದುರಾಳಿ ಕಾರ್ಕ್‌ನ ಸೈಮನ್ ಕೋವ್ನಿ. ಫಿನಾ ಗೇಲ್ ನಿಯಮದ ಪ್ರಕಾರ ಸಂಸದರ ವೋಟಿಗೆ ಶೇ. 65 ತೂಕ, ಸಾಮಾನ್ಯ ಸದಸ್ಯರಿಗೆ 25, ಕೌನ್ಸಿಲರ್‌ಗಳಿಗೆ 10. ಊರೂರಿನ ಕಾರ್ಯಕರ್ತರಲ್ಲಿ ಶೇ. 65ರಷ್ಟು ಜನ ಕೋವ್ನಿಗೆ ಹಾಕಿದ್ರು! ಆದ್ರೆ ಸಂಸದರು 51-22ರಲ್ಲಿ ವರಾಡ್ಕರ್ ಕಡೆ, ಒಟ್ಟು ಲೆಕ್ಕದಲ್ಲಿ 60-40. ಡಾಲ್‌ನಲ್ಲೂ ಸ್ವಂತ ಬಹುಮತ ಇಲ್ಲ, 2017ರ ಜೂನ್ 14ಕ್ಕೆ 57 ಪರ, 50 ವಿರೋಧ, ಹಳೇ ವೈರಿ ಫಿಯಾನ ಫಾಲ್ ಸೇರಿ 45 ಜನ ತಟಸ್ಥ. ಅಂದ್ರೆ ವೈರಿ ಪಕ್ಷ ಸುಮ್ನೆ ಕೂತಿದ್ದಕ್ಕೆ ಇವರು ಪ್ರಧಾನಿ. ಆಗ ವಯಸ್ಸು 38, ಅಲ್ಲಿವರೆಗೆ ಆ ಹುದ್ದೆಗೆ ಬಂದೋರಲ್ಲೇ ಚಿಕ್ಕೋರು.

ಬೆಳಗಾವಿಯ ಸವಿತಾ ಕೇಸಿಗೂ ಇವರಿಗೂ ಏನು ಸಂಬಂಧ?

ಇದು ನಿಜವಾಗ್ಲೂ ನಮಗೆ ತಾಗೋ ವಿಷಯ, ಸ್ವಲ್ಪ ಉದ್ದ ಆಗುತ್ತೆ. ಸವಿತಾ ಹಾಲಪ್ಪನವರ್ ಬೆಳಗಾವಿಯ ಹೆಣ್ಮಗಳು, ಡೆಂಟಿಸ್ಟ್, ಗಂಡನ ಜೊತೆ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಊರಲ್ಲಿದ್ದರು. 2012ರ ಅಕ್ಟೋಬರ್‌ನಲ್ಲಿ 17 ವಾರದ ಬಸುರಿ ಆಗಿದ್ದಾಗ ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು, ಗರ್ಭ ಉಳಿಯಲ್ಲ ಅಂತ ಡಾಕ್ಟರ್‌ಗಳೇ ಹೇಳಿದ್ರು. ಹಂಗಾದ್ರೆ ತೆಗೆದುಬಿಡಿ ಅಂತ ಕೇಳ್ಕೊಂಡ್ರೂ ಭ್ರೂಣದ ಹೃದಯ ಬಡೀತಿದೆ, ಆಗಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅನ್ನೋ ಮಾತು ಆಡಿದ್ದು ನಿಜ ಅಂತ ಆಸ್ಪತ್ರೆ ಸಿಬ್ಬಂದಿಯೊಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಕೊಂಡರು. ನಂಜು ಮೈಗೆಲ್ಲಾ ಏರಿ ಅಕ್ಟೋಬರ್ 28ಕ್ಕೆ ಸವಿತಾ ತೀರ್ಕೊಂಡರು, 31 ವರ್ಷ.

ಇದರ ಬುಡ ಎಲ್ಲಿತ್ತು ಅಂದ್ರೆ 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿಯಲ್ಲಿ, ತಾಯಿ ಜೀವ, ಹುಟ್ಟದ ಮಗುವಿನ ಜೀವ ಎರಡೂ ಸಮ ಅನ್ನೋದು. ತಾಯಿ ಸಾಯೋ ಹಂತಕ್ಕೆ ಬಂದಿದಾಳೆ ಅಂತ ಖಾತ್ರಿ ಆಗೋವರೆಗೂ ಕೈ ಹಾಕೋಕೆ ಡಾಕ್ಟರ್‌ಗಳಿಗೆ ಭಯ. ಸವಿತಾ ಸಾವಾದ್ಮೇಲೆ ಡಬ್ಲಿನ್, ಗಾಲ್ವೇ ಬೀದೀಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಿಂತರು, 2013ರಲ್ಲಿ ತಾಯಿ ಪ್ರಾಣಕ್ಕೆ ಅಪಾಯ ಇದ್ದರೆ ಮಾತ್ರ ಅಂತ ಒಂದು ಸಣ್ಣ ಕಾನೂನು ಬಂತು.

ವರಾಡ್ಕರ್ ಮೊದಲಿಂದ ಇದರ ಪರ ಇದ್ದೋರಲ್ಲ, ಅದನ್ನ ಯಾರೂ ಹೇಳಲ್ಲ. 2010ರ ಸುಮಾರಿಗೆ ಗರ್ಭಪಾತದ ವಿರೋಧಿ. ಆರೋಗ್ಯ ಸಚಿವರಾಗಿದ್ದಾಗ 2014ರಲ್ಲಿ, ನಾನು ಗರ್ಭಪಾತ ಒಪ್ಪೋನಲ್ಲ ಆದ್ರೂ ಈ ಎಂಟನೇ ತಿದ್ದುಪಡಿ ವಿಪರೀತ ಬಿಗಿಯಾಯ್ತು, ಡಾಕ್ಟರ್‌ಗಳಿಗೂ ಹೆಂಗಸರಿಗೂ ಕಷ್ಟ ಅಂತ ಡಾಲ್‌ನಲ್ಲಿ ಹೇಳಿದ್ರು. ಪ್ರಧಾನಿ ಆಗಿ 2018ರ ಜನವರಿಯಲ್ಲಿ ಜನಮತ ಘೋಷಿಸಿ ತಾವೂ ಹೌದು ಪರ ನಿಂತರು. ಸಮಯ ನೋಡಿ ಬಣ್ಣ ಬದಲಾಯಿಸಿದ್ರು ಅಂತ ಕೆಲವರು, ಡಾಕ್ಟರ್ ಆಗಿ ಕಂಡಿದ್ದರಿಂದ ಮನಸ್ಸು ಬದಲಾಯ್ತು ಅಂತ ಇನ್ನು ಕೆಲವರು. ನನಗನ್ಸೋದು, ಎರಡೂ ಸ್ವಲ್ಪ ಸ್ವಲ್ಪ ನಿಜ. ಇನ್ನೊಂದು ಮಾತು, ಇದರ ಶ್ರೇಯ ಇವರಿಗೆ ಪೂರ್ತಿ ಕೊಡೋದು ತಪ್ಪು, 35 ವರ್ಷ ಬೀದೀಲಿ ಬಡಿದಾಡಿದ್ದು ಅಲ್ಲಿನ ಹೆಂಗಸರು, ಮೊದಲು 99 ಜನ ಸಾಮಾನ್ಯ ನಾಗರಿಕರ ಒಂದು ಸಭೆ ಕೂತು ತಿಂಗಳುಗಟ್ಟಲೆ ಚರ್ಚೆ ಮಾಡಿ ಬದಲಾಯಿಸಿ ಅಂತ ಹೇಳಿತ್ತು, ರಾಜಕಾರಣಿಗಳು ಅದರ ಹಿಂದೆ ಹೋದೋರು.

2018ರ ಮೇ 25ಕ್ಕೆ ವೋಟಿಂಗ್, ಶೇ. 66.4 ಹೌದು, ಬೇಡ ಅಂದ ಕ್ಷೇತ್ರ ಡೊನೆಗಾಲ್ ಒಂದೇ. ಆ ದಿನಗಳಲ್ಲಿ ಡಬ್ಲಿನ್‌ನ ಪೋರ್ಟೊಬೆಲ್ಲೊದಲ್ಲಿ ಒಂದು ಗೋಡೆ ಮೇಲೆ ಸವಿತಾ ಅವರ ದೊಡ್ಡ ಮುಖ ಬರೆದಿದ್ರು, ಜನ ಹೂವು ಇಟ್ಟು, ಸಾಲಾಗಿ ಬಂದು ಬಣ್ಣದ ಸಣ್ಣ ಚೀಟಿಗಳಲ್ಲಿ ಸಾರಿ ಸವಿತಾ, ನಿಮಗೋಸ್ಕರ ವೋಟ್ ಹಾಕಿದೆ ಅಂತೆಲ್ಲಾ ಬರೆದು ಅಂಟಿಸಿಹೋದರು. ಹೊಸ ಕಾನೂನಿಗೆ ಸವಿತಾ ಹೆಸರಿಡಿ ಅಂತ ಬೆಳಗಾವಿಯಿಂದ ತಂದೆತಾಯಿ ಕೇಳ್ಕೊಂಡಿದ್ರು, ಸರ್ಕಾರ ಇಡಲಿಲ್ಲ. 2019ರ ಜನವರಿಯಿಂದ 12 ವಾರದವರೆಗೆ ಗರ್ಭಪಾತ ಕಾನೂನುಬದ್ಧ ಆಯ್ತು.

ಬ್ರೆಕ್ಸಿಟ್‌ನಲ್ಲಿ ಇವರು ಅಷ್ಟೊಂದು ಹಠ ಹಿಡಿದಿದ್ದು ಯಾಕೆ?

ಐರ್ಲೆಂಡಿಗೂ ಬ್ರಿಟನ್ ಕೈಲಿರೋ ಉತ್ತರ ಐರ್ಲೆಂಡಿಗೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ ಇದೆ. ಉತ್ತರ ಐರ್ಲೆಂಡಿನ ದಶಕಗಳ ಹಿಂಸಾಚಾರ ನಿಲ್ಲಿಸಿದ 1998ರ ಶಾಂತಿ ಒಪ್ಪಂದ ಆದ್ಮೇಲೆ ಅಲ್ಲಿ ಚೆಕ್‌ಪೋಸ್ಟ್ ಇಲ್ಲ, ಗಡಿ ದಾಟಿದ್ದೇ ಗೊತ್ತಾಗಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟರೆ ಕಸ್ಟಮ್ಸ್ ಚೌಕಿ ಮತ್ತೆ ಬರುತ್ತಲ್ಲ, ಅದೇ ತಲೆಬಿಸಿ. 2018ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಯುರೋಪಿನ ನಾಯಕರೆಲ್ಲ ಊಟಕ್ಕೆ ಕೂತಾಗ ವರಾಡ್ಕರ್ ಒಂದು ಪೇಪರ್ ತಂದು ತೋರಿಸಿದ್ರು, 1972ರಲ್ಲಿ ನ್ಯೂರಿ ಕಸ್ಟಮ್ಸ್ ಪೋಸ್ಟ್‌ನಲ್ಲಿ ಬಾಂಬ್ ಸಿಡಿದು 9 ಜನ ಸತ್ತ ಸುದ್ದಿ ಅದರಲ್ಲಿತ್ತು. ಗಂಟೆಗಟ್ಟಲೆ ಭಾಷಣ ಮಾಡಿದ್ರೂ ಆಗದ ಕೆಲಸ ಆ ಒಂದು ಪೇಪರ್ ಮಾಡ್ತು ಅನ್ಸುತ್ತೆ.

ಆಮೇಲೆ 2019ರ ಅಕ್ಟೋಬರ್ 10ಕ್ಕೆ ಲಿವರ್‌ಪೂಲ್ ಹತ್ತಿರದ ವಿರಲ್‌ನಲ್ಲಿ ಬೋರಿಸ್ ಜಾನ್ಸನ್ ಜೊತೆ ಒಂದು ಹಳೇ ಬಂಗಲೆ ತೋಟದಲ್ಲಿ ಅಡ್ಡಾಡ್ತಾ ಮಾತಾಡಿದ್ರು, ಒಂದೇ ವಾರದಲ್ಲಿ ಡೀಲ್ ಆಯ್ತು: ತಪಾಸಣೆ ದ್ವೀಪದ ಒಳಗೆ ಬೇಡ, ಸಮುದ್ರದ ಕಡೆ ಇರಲಿ ಅಂತ. ಉತ್ತರದಲ್ಲಿರೋ ಬ್ರಿಟನ್ ಪರ ಯೂನಿಯನಿಸ್ಟ್‌ಗಳಿಗೆ ಇದಕ್ಕೇ ಇವರ ಮೇಲೆ ಇವತ್ತಿಗೂ ಸಿಟ್ಟು.

ಇಷ್ಟೆಲ್ಲಾ ಮಾಡಿಯೂ 2020ರಲ್ಲಿ ಯಾಕೆ ಸೋತರು?

ಮನೆ. ಬಾಡಿಗೆ. ಆಸ್ಪತ್ರೆ ಕ್ಯೂ. ಬ್ರೆಕ್ಸಿಟ್ ಹೀರೋ ಅಂತ ಎಲೆಕ್ಷನ್ ಕರೆದರು, ಜನ ಬಾಗಿಲಲ್ಲಿ ಕೇಳಿದ್ದು ಬಾಡಿಗೆ ಬಗ್ಗೆ. 2019ರಲ್ಲೇ ಮನೆ ಇಲ್ಲದೆ ಸರ್ಕಾರಿ ತಾತ್ಕಾಲಿಕ ವಸತೀಲಿ ಇರೋರ ಸಂಖ್ಯೆ 10 ಸಾವಿರ ದಾಟಿತ್ತು. ಡಬ್ಲಿನ್‌ಗೆ ಐಟಿ ಕೆಲಸಕ್ಕೋ ನರ್ಸಿಂಗ್‌ಗೋ ಹೋಗಿರೋ ನಮ್ಮೋರನ್ನ ಕೇಳಿ, ಆಫರ್ ಲೆಟರ್ ಸಿಗೋದಕ್ಕಿಂತ ಒಂದು ರೂಮ್ ಸಿಗೋದು ಕಷ್ಟ ಅಂತಾರೆ. ಸಾಲದ್ದಕ್ಕೆ 2020ರ ಜನವರೀಲಿ, ಬ್ರಿಟಿಷರ ಕಾಲದ ಪೊಲೀಸ್ ಪಡೆಗೆ ಸ್ಮರಣೆ ಕಾರ್ಯಕ್ರಮ ಅಂತ ಸರ್ಕಾರ ಹೊರಟು ಊರೆಲ್ಲಾ ಉರಿದುಬಿದ್ದ ಮೇಲೆ ಮುಂದೂಡ್ತು.

ಫೆಬ್ರವರಿ 8ರ ರಿಸಲ್ಟ್‌ನಲ್ಲಿ ಫಿಯಾನ ಫಾಲ್ 38, ಐರ್ಲೆಂಡ್ ಪೂರ್ತಿ ಒಂದಾಗ್ಬೇಕು ಅನ್ನೋ ಎಡಪಂಥೀಯ ಪಕ್ಷ ಶಿನ್ ಫೇನ್ 37, ಫಿನಾ ಗೇಲ್ 35. ಮೂರನೇ ಸ್ಥಾನ. ಇವರ ಸ್ವಂತ ಕ್ಷೇತ್ರದಲ್ಲೇ ಶಿನ್ ಫೇನ್ ಅಭ್ಯರ್ಥಿ ಮೊದಲು ಬಂದು, ಹಾಲಿ ಪ್ರಧಾನಿ ಐದನೇ ಸುತ್ತಿನ ಎಣಿಕೆವರೆಗೆ ಕಾಯ್ಬೇಕಾಯ್ತು.

ಸೋತ ಮೇಲೂ ಕೋವಿಡ್ ಟೈಮಲ್ಲಿ ಇವರೇ ಇದ್ದರಲ್ಲ?

ಯಾರಿಗೂ ಬಹುಮತ ಇಲ್ಲದ್ದಕ್ಕೆ ಫೆಬ್ರವರಿ 20ಕ್ಕೆ ರಾಜೀನಾಮೆ ಕೊಟ್ಟು ಉಸ್ತುವಾರಿ ಪ್ರಧಾನಿ ಆಗಿ ಮುಂದುವರೆದರು, ಅಷ್ಟರಲ್ಲಿ ಕೋವಿಡ್. ಮಾರ್ಚ್ 12ಕ್ಕೆ ಸ್ಕೂಲು ಬಂದ್ ಅಂತ ಘೋಷಿಸಿದ್ದು ವಾಷಿಂಗ್ಟನ್‌ನಲ್ಲಿ ನಿಂತ್ಕೊಂಡು. ಡಾಕ್ಟರ್ ರಿಜಿಸ್ಟ್ರೇಶನ್ ಮತ್ತೆ ಮಾಡಿಸ್ಕೊಂಡು ವಾರಕ್ಕೊಂದು ಪಾಳಿ ಫೋನ್‌ನಲ್ಲಿ ರೋಗಿಗಳನ್ನ ವಿಚಾರಿಸೋ ಕೆಲಸನೂ ಮಾಡಿದ್ರು. ಪ್ರಚಾರಕ್ಕೆ ಅಂದೋರೂ ಇದಾರೆ.

ಎರಡನೇ ಸಲ ಹೆಂಗೆ ಬಂದರು? ನಮ್ಮ 20-20 ಸರ್ಕಾರದ ತರಾನಾ?

ಅದೇ ಐಡಿಯಾ, ಆದ್ರೆ ಅಲ್ಲಿ ಮಾತು ಉಳೀತು! 1920ರ ದಶಕದ ಅಂತರ್ಯುದ್ಧದಲ್ಲಿ ಎದುರುಬದುರು ನಿಂತಿದ್ದೋರಿಂದ ಹುಟ್ಟಿದ ಎರಡು ಪಕ್ಷಗಳು ಫಿಯಾನ ಫಾಲ್, ಫಿನಾ ಗೇಲ್, ಹಿಂದೆ ಯಾವತ್ತೂ ಒಟ್ಟಿಗೆ ಸರ್ಕಾರ ಮಾಡಿರಲಿಲ್ಲ. 2020ರ ಜೂನ್ 27ಕ್ಕೆ ಗ್ರೀನ್ ಪಾರ್ಟಿನೂ ಸೇರಿಸ್ಕೊಂಡು ಕೈ ಜೋಡಿಸಿದ್ರು, ಮೊದಲು ಫಿಯಾನ ಫಾಲ್ ನಾಯಕ ಮೀಹಾಲ್ ಮಾರ್ಟಿನ್ ಪ್ರಧಾನಿ, ವರಾಡ್ಕರ್ ಟಾನಿಷ್ಟೆ. 2022ರ ಡಿಸೆಂಬರ್ 17ಕ್ಕೆ ಖುರ್ಚಿ ಬದಲಾಯ್ತು, ಕಿರಿಕ್ ಇಲ್ಲದೆ. 2007ರಲ್ಲಿ ಬೆಂಗಳೂರಲ್ಲಿ ಏನಾಯ್ತು ಅಂತ ನೆನಪಿರೋರಿಗೆ ಇದೇ ದೊಡ್ಡ ಆಶ್ಚರ್ಯ.

ಯಾವುದೋ ಡಾಕ್ಯುಮೆಂಟ್ ಲೀಕ್ ಕೇಸ್ ಇತ್ತಲ್ಲ?

ಇತ್ತು. 2019ರಲ್ಲಿ ಸರ್ಕಾರಕ್ಕೂ ಒಂದು ಡಾಕ್ಟರ್‌ಗಳ ಸಂಘಕ್ಕೂ ಆದ ಒಪ್ಪಂದದ ಕಾಪಿನ, ಪ್ರತಿಸ್ಪರ್ಧಿ ಸಂಘದ ಮುಖ್ಯಸ್ಥರಾಗಿದ್ದ ಪರಿಚಯದವರಿಗೆ ಕಳಿಸಿದ್ದರು. 2020ರಲ್ಲಿ ಹೊರಬಂತು, ಡಾಲ್‌ನಲ್ಲಿ ಕ್ಷಮೆ ಕೇಳಿದ್ರು, ಪೊಲೀಸ್ ತನಿಖೆ ನಡೀತು, 2022ರ ಜುಲೈನಲ್ಲಿ ಕೇಸ್ ಹಾಕಲ್ಲ ಅಂತ ಪ್ರಾಸಿಕ್ಯೂಷನ್ ತೀರ್ಮಾನ ಮಾಡ್ತು.

2024ರಲ್ಲಿ ದಿಢೀರ್ ರಾಜೀನಾಮೆ ಯಾಕೆ?

ಮಾರ್ಚ್ 20ಕ್ಕೆ ಸರ್ಕಾರಿ ಕಟ್ಟಡದ ಮೆಟ್ಟಿಲ ಮೇಲೆ ನಿಂತು, ಕಾರಣ ವೈಯಕ್ತಿಕನೂ ಹೌದು ರಾಜಕೀಯನೂ ಹೌದು, ಈ ಕೆಲಸಕ್ಕೆ ಇನ್ನು ನಾನೇ ಸರಿಯಾದೋನು ಅಂತ ಅನ್ನಿಸ್ತಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ದನಿ ಸ್ವಲ್ಪ ನಡುಗ್ತಿತ್ತು. ಅದಕ್ಕೆ 12 ದಿನ ಮುಂಚೆ ಎರಡು ಜನಮತ ನಡೆದಿತ್ತು, ಒಂದು ಮದುವೆ ಆಗದ ಕುಟುಂಬಗಳಿಗೂ ಸಂವಿಧಾನದಲ್ಲಿ ಜಾಗ ಕೊಡೋದು, ಇನ್ನೊಂದು ಹೆಂಗಸರು ಮನೆ ನೋಡ್ಕೊಳ್ಳೋ ಬಗ್ಗೆ ಇರೋ 1937ರ ಹಳೇ ಸಾಲು ತೆಗೆಯೋದು. ದೊಡ್ಡ ಪಕ್ಷಗಳೆಲ್ಲ ಪರ ಇದ್ದರೂ ಮೊದಲನೇದಕ್ಕೆ ಶೇ. 67.7, ಎರಡನೇದಕ್ಕೆ ಶೇ. 73.9 ಜನ ಬೇಡ ಅಂದರು. 2018ರದ್ದು 35 ವರ್ಷ ಜನರ ನಡುವೆ ಮಾಗಿದ್ದ ಪ್ರಶ್ನೆ, 2024ರದ್ದು ಮೇಲಿಂದ ಇಳಿಸಿದ್ದು, ಪದಗಳೂ ಅಸ್ಪಷ್ಟ, ಪ್ರಚಾರನೂ ಸಪ್ಪೆ. ಅದರ ಜೊತೆ 2023ರ ಮಾರ್ಚ್‌ನಲ್ಲಿ ಬಾಡಿಗೆದಾರರನ್ನ ಎಬ್ಬಿಸಬಾರದು ಅನ್ನೋ ತಾತ್ಕಾಲಿಕ ನಿಷೇಧ ತೆಗೆದಿದ್ದು, ನವೆಂಬರ್‌ನಲ್ಲಿ ಡಬ್ಲಿನ್ ನಡುಬೀದೀಲಿ ವಲಸಿಗರ ವಿರುದ್ಧ ಗಲಭೆ ಆಗಿ ಬಸ್ಸು ಟ್ರಾಮು ಸುಟ್ಟಿದ್ದು, ಪಕ್ಷದ ಹಳೇ ಟಿಡಿಗಳು ಒಬ್ಬೊಬ್ಬರೇ ಮುಂದಿನ ಸಲ ನಿಲ್ಲಲ್ಲ ಅಂತಿದ್ದು, ಎಲ್ಲಾ ಸೇರ್ಕೊಂಡ್ತು. ಸೋಲೋ ಎಲೆಕ್ಷನ್‌ಗೆ ಪಕ್ಷನ ಕರ್ಕೊಂಡು ಹೋಗೋಕಿಂತ ಮೊದಲೇ ಹೊರಡೋಣ ಅಂತ ಲೆಕ್ಕ ಹಾಕಿದ್ರು ಅಂತ ನಾನಂತೂ ಅಂದ್ಕೊಂಡಿದೀನಿ.

ಈಗ ಏನ್ಮಾಡ್ತಿದಾರೆ, ಅವರ ಪಕ್ಷದ ಕಥೆ ಏನು?

2024ರ ಏಪ್ರಿಲ್ 9ಕ್ಕೆ 37 ವರ್ಷದ ಸೈಮನ್ ಹ್ಯಾರಿಸ್ ಪ್ರಧಾನಿ ಆಗಿ ಅತಿ ಕಿರಿಯ ಅನ್ನೋ ದಾಖಲೆನೂ ಇವರ ಕೈಯಿಂದ ಕಿತ್ಕೊಂಡರು. ನವೆಂಬರ್ ಎಲೆಕ್ಷನ್‌ಗೆ ವರಾಡ್ಕರ್ ನಿಲ್ಲಲಿಲ್ಲ, ಆಮೇಲೆ ಹಾರ್ವರ್ಡ್ ಕೆನಡಿ ಸ್ಕೂಲ್ ಕಡೆ ಹೋದರು. ಫಿನಾ ಗೇಲ್‌ಗೆ ಆ ಸಲ 38 ಸೀಟು, ಮತ್ತೆ ಮೂರನೇ ಸ್ಥಾನ, ಮತ್ತೆ ಸರ್ಕಾರದಲ್ಲಿ ಪಾಲು. 2025ರ ಜನವರಿಯಿಂದ ಮಾರ್ಟಿನ್ ಪ್ರಧಾನಿ, ಒಪ್ಪಂದದ ಪ್ರಕಾರ 2027ರ ನವೆಂಬರ್‌ನಲ್ಲಿ ಖುರ್ಚಿ ಮತ್ತೆ ಫಿನಾ ಗೇಲ್‌ಗೆ ಬರ್ಬೇಕು.